ಖಾಲಿ ಉಗ್ರಾಣದ ಜಂಬ

"ಸುಮ್ನೆ ನಿಂತ್ಕೊಂಡು ಏನ್ ನೋಡ್ತಿದ್ದೀರಿ? ಆ ಮೂಲೆ ಸ್ವಲ್ಪ ಎತ್ತಿ ಹಿಡ್ಕೊಳ್ಳಿ!"

ಅಪ್ಪಣೆ ಕೊಟ್ಟವಳಿಗೆ ಬಂದವರು ಯಾರೆಂದು ಗೊತ್ತಿರಲಿಲ್ಲ. ಆಸ್ಪತ್ರೆ ಮಂಚದ ಕೆಳಗೆ ಅಂಗಾತ ಮಲಗಿ, ಮೊಂಡು ಹಿಡಿದ ಚಕ್ರವೊಂದರ ಜೊತೆ ಗುದ್ದಾಡುತ್ತಿದ್ದವಳಿಗೆ ಕಂಡದ್ದು ಒಂದು ಜೊತೆ ಕಪ್ಪು ಬೂಟು ಮಾತ್ರ. ಮುಖ ನೋಡಿಕೊಳ್ಳುವಷ್ಟು ಹೊಳಪು. ಆದರೆ ಎಡಗಾಲಿನ ಲೇಸು ಬಿಚ್ಚಿಕೊಂಡು ನೆಲ ಗುಡಿಸುತ್ತಿತ್ತು.

ಬೂಟುಗಳು ಹತ್ತಿರ ಬಂದವು. ಮಂಚದ ಮೂಲೆ ಮೇಲೆದ್ದಿತು.

"ಇನ್ನೂ ಸ್ವಲ್ಪ... ಹಾಂ, ಹಾಗೇ ಇರಲಿ. ಯಾರಿಗೆ ಬೇಕಿತ್ತು ಮಂಚ? ಅಮ್ಮನಿಗಾ, ಅಪ್ಪನಿಗಾ?"

"ಯಾರಿಗೂ ಬೇಡ ಮೇಡಂ. ನಾನು..."

"ಯಾರಿಗೂ ಬೇಡದಿದ್ರೆ ಇಲ್ಲಿಗ್ಯಾಕೆ ಬಂದ್ರಿ? ಇವತ್ತು ನಮಗೆ ಉಸಿರಾಡೋಕೂ ಪುರುಸೊತ್ತಿಲ್ಲ. ಯಾರೋ ದೊಡ್ಡ ಆಫೀಸರ್ ಬರ್ತಾರಂತೆ, ಸಂಘದ ಲೆಕ್ಕ ನೋಡೋಕೆ. ಹೊಟ್ಟೆ ಮುಂದೆ ಬರುತ್ತೆ, ಆಮೇಲೆ ಆಫೀಸರ್ ಬರ್ತಾರೆ, ಅಂಥವರೇ ಇರ್ತಾರೆ ನೋಡಿ."

ಮೇಲಿನಿಂದ ಬಹಳ ಮರ್ಯಾದೆಯ ದನಿಯೊಂದು ಕೇಳಿಸಿತು.

"ಹೊಟ್ಟೆ ಇನ್ನೂ ಬಂದಿಲ್ಲ ಮೇಡಂ. ಆಫೀಸರ್ ಮಾತ್ರ ಬಂದಿದ್ದೀನಿ."

ಅವಳು ದಡಬಡಿಸಿ ಏಳಲು ಹೋಗಿ ಮಂಚದ ಪಟ್ಟಿಗೆ ಹಣೆ ಬಡಿಸಿಕೊಂಡಳು. ಹೊರಗೆ ತೆವಳಿ ಬಂದು ನೋಡಿದರೆ, ಬಿಳಿ ಶರಟಿನ ತೋಳು ಮಡಚಿಕೊಂಡ ಒಬ್ಬ ಸಣ್ಣ ವಯಸ್ಸಿನವನು ಇನ್ನೂ ಮಂಚ ಎತ್ತಿ ಹಿಡಿದುಕೊಂಡೇ ನಿಂತಿದ್ದ. ಇಳಿಸಿ ಎಂದು ಯಾರೂ ಹೇಳಿರಲಿಲ್ಲವಲ್ಲ! ಶರಟಿನ ಎದೆಯ ಮೇಲೆ ಗ್ರೀಸಿನ ಗುರುತು. ಕಣ್ಣಲ್ಲಿ, ತುಟಿಯವರೆಗೆ ಇಳಿಯಲು ಹೆದರುತ್ತಿದ್ದ ಒಂದು ನಗು.

"ಇಳಿಸಬಹುದಾ?" ಎಂದು ಕೇಳಿದ.

ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದುದು ರಿಪೇರಿ ಎಂದೇ. ಅವಳಿಗೆ ಕೋಪ ಮೂಗಿನ ತುದಿಯಲ್ಲಿ, ಹೆಮ್ಮೆ ಅದಕ್ಕಿಂತ ಸ್ವಲ್ಪ ಮೇಲೆ. ಮೊದಲು ಸ್ಕೂಟರ್ ಶೋರೂಮಿನಲ್ಲಿ ಮೆಕ್ಯಾನಿಕ್ ಆಗಿದ್ದವಳು, ಸೋದರತ್ತೆ ಕಟ್ಟಿದ ಈ ಪುಟ್ಟ ಸಂಘಕ್ಕೆ ಕೈ ಕೊಡಲು ಬಂದು ಇಲ್ಲೇ ಉಳಿದುಬಿಟ್ಟಿದ್ದಳು. ಅತ್ತೆ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತಳಾದವಳು. ಹಾಸಿಗೆ ಹಿಡಿದವರಿಗೆ, ಕಾಲು ಮುರಿದವರಿಗೆ, ನಡೆಯಲಾಗದ ವಯಸ್ಸಾದವರಿಗೆ ಗಾಲಿಕುರ್ಚಿ, ವಾಕರ್, ಮಂಚ, ಊರುಗೋಲು ಕೊಡುವುದು ಸಂಘದ ಕೆಲಸ. ಬಾಡಿಗೆ ಇಲ್ಲ. ಬಾಗಿಲ ಮೇಲಿನ ಬೋರ್ಡಿನಲ್ಲಿ ಅತ್ತೆಯೇ ಬರೆಸಿದ್ದ ಮಾತು: "ಬೇಕಾದಾಗ ಒಯ್ಯಿರಿ. ಬೇಡವಾದಾಗ ವಾಪಸ್ ಕೊಡಿ. ಸಾಕು."

ಕೊಡುವುದೇನೋ ಸುಲಭ, ನಡೆಸುವುದು ಸುಲಭವಲ್ಲ. ವರ್ಷವರ್ಷವೂ ದೇಣಿಗೆ ಕೊಡುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿಕೊಂಡಿತ್ತು. ಒಂದು ಪ್ರತಿಷ್ಠಾನ ಮೂರು ವರ್ಷ ನೆರವು ಕೊಡಲು ಮನಸ್ಸು ಮಾಡಿತ್ತು. ಆದರೆ ಮೊದಲು ಸಂಘದ ಹಣಕಾಸಿನ ಆರೋಗ್ಯ ಹೇಗಿದೆಯೆಂದು ನೋಡಬೇಕು ಎಂದಿತ್ತು. ನೆರವು ಸಿಕ್ಕರೆ ಸಂಘ ಉಳಿದೀತು. ಸಿಗದಿದ್ದರೆ ವರ್ಷ ಮುಗಿಯುವ ಮೊದಲೇ ಬೀಗ.

ಅದಕ್ಕೇ ಆ ಬೂಟುಗಳಿಗೆ ಅಷ್ಟು ಬೆಲೆ. ಅದಕ್ಕೇ ಮುಂಬಾಗಿಲಲ್ಲಿ ಅತ್ತೆ ಇಸ್ತ್ರಿ ಸೀರೆ ಉಟ್ಟು ಕಾಯುತ್ತಿದ್ದಳು. ಬಂದವನು ನೋಡಿದರೆ ಹಿಂಬಾಗಿಲಿಂದ ಬಂದಿದ್ದ.

"ಮುಂದಿನ ಗೇಟು ಯಾವುದು ಅಂತ ಗೊತ್ತಾಗಲಿಲ್ಲ," ಎಂದ ಅವನು.

"ನಿಮ್ಮ ಲೇಸು ಬಿಚ್ಚಿಕೊಂಡಿದೆ," ಎಂದಳು ಅವಳು. ಕ್ಷಮೆ ಕೇಳುವ ಅಭ್ಯಾಸ ಅವಳಿಗಿರಲಿಲ್ಲ.

*

ಆಫೀಸಿನ ಮೇಜಿಗೆ ಹೊಸ ಬಟ್ಟೆ ಹಾಸಿತ್ತು. ಖಜಾಂಚಿ ಮೇಷ್ಟ್ರು ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಪರೀಕ್ಷೆಗೆ ತಾವೇ ಕೂರುವ ದಿನ ಬಂದೀತೆಂದು ಅಂದುಕೊಂಡಿರಲಿಲ್ಲ.

"ಆಡಿಟರ್ ಸಾಹೇಬ್ರು ಕೂತ್ಕೊಳ್ಳಿ," ಎಂದಳು ಅತ್ತೆ.

"ನಾನು ಆಡಿಟರ್ ಅಲ್ಲಮ್ಮ. ಸಂಸ್ಥೆಗಳ ಆರ್ಥಿಕ ಮೌಲ್ಯಮಾಪನ..."

"ಅಷ್ಟುದ್ದದ ಹೆಸರು ಈ ಬೀದಿಗೆ ಹಿಡಿಸಲ್ಲಪ್ಪ. ಆಡಿಟರ್ ಅಂತಲೇ ಇರಲಿ."

ಹಾಗೆ ಅವನು ಆಡಿಟರ್ ಆದ.

ಅವನ ಪ್ರಶ್ನೆಗಳು ಮೆತ್ತಗಿದ್ದವು, ಆದರೆ ತಪ್ಪಿಸಿಕೊಳ್ಳಲು ದಾರಿ ಬಿಡುತ್ತಿರಲಿಲ್ಲ. ಹಣ ಎಲ್ಲೆಲ್ಲಿಂದ ಬರುತ್ತದೆ? ನಾಳೆ ಒಬ್ಬ ದಾನಿ ಕೈಬಿಟ್ಟರೆ ಎಷ್ಟು ತಿಂಗಳು ತಡೆದುಕೊಳ್ಳುತ್ತೀರಿ? ಮಂಚಕ್ಕೆಂದು ಕೊಟ್ಟ ಹಣ ಮಂಚಕ್ಕೇ ಹೋಗುತ್ತದೆಯೇ? ಖರ್ಚು ಮಾಡುವವರು ಬೇರೆ, ಚೆಕ್ಕಿಗೆ ಸಹಿ ಹಾಕುವವರು ಬೇರೆಯೇ?

ಮೇಷ್ಟ್ರು ಒಂದೊಂದಕ್ಕೂ ಗಂಟಲು ಸರಿಮಾಡಿಕೊಂಡು ಉತ್ತರ ಕೊಟ್ಟರು. ಅತ್ತೆಗೆ ಇದೆಲ್ಲ ತನ್ನ ಹಳೆಯ ವಾರ್ಡಿನಂತೆ ಕಂಡಿತು.

"ಜ್ವರ ಇದ್ಯಾ ನಮಗೆ?" ಎಂದು ಕೇಳಿಯೇಬಿಟ್ಟಳು.

"ಇಲ್ಲಮ್ಮ. ಸ್ವಲ್ಪ ಸುಸ್ತಿದೆ ಅಷ್ಟೆ."

ಬಾಗಿಲಿಗೊರಗಿ ನಿಂತಿದ್ದ ರಿಪೇರಿ ನಗು ತಡೆಯಲು ತುಟಿ ಕಚ್ಚಿಕೊಂಡಳು. ಅವನು ತಲೆ ಎತ್ತಿದ. ಅವಳ ಹಣೆಯ ಮೇಲೆ ಕೆಂಪಗೆ ಊದಿದ್ದ ಗಾಯವನ್ನು ನೋಡಿ ಹುಬ್ಬಿನಲ್ಲೇ "ನೋವಿದೆಯಾ?" ಎಂದು ಕೇಳಿದ. ಅವಳು ಹುಬ್ಬಿನಲ್ಲೇ "ನಿಮಗ್ಯಾಕೆ?" ಎಂದಳು. ಮೇಷ್ಟ್ರು ವಿದ್ಯುತ್ ಬಿಲ್ಲಿನ ವಿಷಯ ಹೇಳುತ್ತಲೇ ಇದ್ದರು. ಕೇಳಿಸಿಕೊಂಡವರು ಯಾರೋ ಗೊತ್ತಿಲ್ಲ.

"ಸರಿ. ಈಗ ನಿಮ್ಮ ಸಾಮಾನು ನೋಡೋಣ್ವಾ?" ಎಂದು ಅವನು ಎದ್ದ.

ಇದಕ್ಕಾಗಿಯೇ ಅವಳು ಕಾದಿದ್ದಳು. ಉಗ್ರಾಣದ ಬೀಗ ತೆಗೆದು ಎರಡೂ ಬಾಗಿಲು ದೂಡಿದಳು.

ಕೋಣೆ ತುಂಬಿ ತುಳುಕುತ್ತಿತ್ತು. ಗಾಲಿಕುರ್ಚಿಗಳು ಸಾಲಾಗಿ, ಒರೆಸಿ ಹೊಳಪು ಬರಿಸಿಕೊಂಡು, ಮದುವೆ ಮನೆಯ ಅತಿಥಿಗಳ ಹಾಗೆ ಕೂತಿದ್ದವು. ಗೋಡೆಗೆ ವಾಕರುಗಳು, ಮೂಲೆಗೆ ಊರುಗೋಲುಗಳ ಕಟ್ಟು, ಒಂದರ ಮೇಲೊಂದು ಮಂಚ. ರಿಪೇರಿಯ ಎದೆ ಉಬ್ಬಿತು. ಅವನ ಮುಖ ನೋಡಿದಳು.

ಅವನ ಮುಖ ಇಳಿದುಹೋಗಿತ್ತು.

"ಇಷ್ಟೂ ಇಲ್ಲೇ ಇದ್ಯಾ?"

"ಹೌದು. ಎಲ್ಲಾ ನಮ್ಮದೇ."

"ಇಷ್ಟೂ ಇಲ್ಲೇ ಕೂತಿದ್ರೆ, ಯಾರೂ ತಗೊಂಡು ಹೋಗ್ತಿಲ್ಲ ಅಂತ ತಾನೇ ಅರ್ಥ? ಇರೋದೇ ಉಪಯೋಗ ಆಗ್ತಿಲ್ಲ ಅಂದ್ಮೇಲೆ, ಇನ್ನಷ್ಟು ಕೊಳ್ಳೋಕೆ ದುಡ್ಡು ಕೊಡಿ ಅಂತ ನಾನು ಹೇಗೆ ಬರೀಲಿ ಮೇಡಂ?"

ಅತ್ತೆ ಸೀರೆಯ ಅಂಚನ್ನು ನೋಡತೊಡಗಿದಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು.

ಆಗಲೇ ಹಿತ್ತಿಲ ಕಡೆಯಿಂದ ದೊಡ್ಡ ದನಿಯೊಂದು ಕೇಳಿಬಂತು.

"ಏನಮ್ಮ ರಿಪೇರಿ! ಹೋದ್ನಾ ನಿಮ್ಮ ಆಫೀಸರು? ನನ್ನ ವಾಕರ್ ಕೊಡ್ತೀಯಾ ಇಲ್ವಾ? ಬೆಳಗ್ಗೆಯಿಂದ ಗೋಡೆ ಸವರ್ಕೊಂಡು ಓಡಾಡಿ ಸಾಕಾಗಿದೆ ಕಣಮ್ಮ ನನಗೆ!"

ಬಂದವನು ಡ್ರೈವರ್ ತಾತ. ಒಂದು ಕಾಲದಲ್ಲಿ ಇಡೀ ಊರನ್ನು ಬಸ್ಸಿನಲ್ಲಿ ಸುತ್ತಿಸಿದವನು, ಈಗ ಹೆಂಡತಿಯ ಹೆಗಲು ಹಿಡಿದು ಹೊಸ್ತಿಲಲ್ಲಿ ನಿಂತಿದ್ದ. ಹೊಸ ಮುಖ ಕಂಡು ಅವನು ಬಾಯಿ ಮುಚ್ಚಿಕೊಂಡ, ಆದರೆ ತಡವಾಗಿತ್ತು.

ಗುಟ್ಟು ರಟ್ಟಾಯಿತು. ಬಂದವರ ಕಣ್ಣಿಗೆ ಮನೆ ಖಾಲಿ ಕಾಣಬಾರದು ಎಂಬುದು ಅತ್ತೆಯ ಜೀವಮಾನದ ನಿಯಮ. ಆಫೀಸರ್ ಬರುವ ದಿನ ಉಗ್ರಾಣ ಬಿಕೋ ಎನ್ನುತ್ತಿದ್ದರೆ ಸಂಘದ ಮಾನ ಏನಾಗಬೇಕು? ಹಾಗೆಂದು ಹಿಂದಿನ ರಾತ್ರಿ ರಿಪೇರಿಯೇ ಮನೆಮನೆಗೆ ಹೋಗಿ, ಎದ್ದು ಓಡಾಡಬಲ್ಲವರನ್ನೂ, ಒಂದು ದಿನ ತಡೆದುಕೊಳ್ಳಬಲ್ಲವರನ್ನೂ ಕೇಳಿಕೊಂಡು, ಕೊಟ್ಟಿದ್ದನ್ನೆಲ್ಲ ಗಾಡಿಯಲ್ಲಿ ಹೇರಿ ತಂದಿದ್ದಳು. ಬೇಡ ಎಂದವರು ಒಬ್ಬರೂ ಇರಲಿಲ್ಲ.

ಅವನು ತಾತನನ್ನು ನೋಡಿದ, ಕೋಣೆಯನ್ನು ನೋಡಿದ, ಕೊನೆಗೆ ಅವಳನ್ನು ನೋಡಿದ.

"ನನಗೆ ತೋರಿಸೋಕೆ ಇವರ ವಾಕರ್ ಕಿತ್ಕೊಂಡು ಬಂದ್ರಾ?"

ಕೆನ್ನೆಗೆ ಹೊಡೆದಿದ್ದರೂ ಅವಳಿಗೆ ಅಷ್ಟು ಉರಿಯುತ್ತಿರಲಿಲ್ಲ. ಆದರೆ ಅವಳು ತಲೆ ತಗ್ಗಿಸಲಿಲ್ಲ.

"ಹೌದು. ನಾನೇ ತಂದೆ. ತಪ್ಪು ನನ್ನದು, ಸಂಘದ್ದಲ್ಲ."

"ಕಿತ್ಕೊಂಡಿಲ್ಲಪ್ಪ ಅವಳು," ಎಂದ ತಾತ ಸಿಟ್ಟಿನಿಂದ. "ನಾನೇ ಕೊಟ್ಟೆ. ನಮ್ಮ ಸಂಘ ಬಡಸಂಘ ಅಂತ ನೀವು ಅಂದ್ಕೊಂಡ್ರೆ ನಮ್ಮ ಮರ್ಯಾದೆ ಏನಾಯ್ತು?"

ಆಡಿಟರ್ ಸಾಲಿನಿಂದ ಒಂದು ವಾಕರ್ ಎತ್ತಿ ತಾತನ ಮುಂದೆ ಇಟ್ಟ. ತಾತ ನೋಡಿ, "ಇದಲ್ಲ, ಆ ಹಸಿರು ಟೇಪಿಂದು," ಎಂದ. ಅವನು ಅದನ್ನೇ ಹುಡುಕಿ ತಂದುಕೊಟ್ಟ. ಆಮೇಲೆ ಬ್ಯಾಗನ್ನು ಮೇಜಿನ ಮೇಲಿಟ್ಟು ತೋಳು ಇನ್ನೊಂದು ಮಡಿಕೆ ಮೇಲೇರಿಸಿದ.

"ಬನ್ನಿ. ಕತ್ತಲಾಗೋದ್ರೊಳಗೆ ಎಲ್ಲಾ ವಾಪಸ್ ಮುಟ್ಟಿಸೋಣ."

*

ಸಂಜೆಯ ಬೀದಿಯಲ್ಲಿ ಇಬ್ಬರೂ ಒಂದೊಂದು ಗಾಲಿಕುರ್ಚಿ ತಳ್ಳುತ್ತ ನಡೆದರು. ಅವನ ಕುರ್ಚಿ ಸದಾ ಎಡಕ್ಕೆ ಎಳೆಯುತ್ತಿತ್ತು, ಅಂದರೆ ಅವಳ ಕಡೆಗೆ.

"ಕುರ್ಚಿ ಸರಿ ಇಲ್ಲ," ಎಂದ.

"ಕುರ್ಚಿ ಸರಿಯಾಗೇ ಇದೆ. ತಳ್ಳೋರು ಸರಿ ಇಲ್ಲ."

ತಿರುವಿನಲ್ಲಿ ಟೈಲರಮ್ಮನ ಅಂಗಡಿ. ಟೈಲರಮ್ಮ ಬೆಳಗಿನಿಂದ ಮರದ ಸ್ಟೂಲಿನ ಮೇಲೆ, ಕತ್ತರಿಸುವ ಮೇಜಿಗೆ ಕೈ ಎಟುಕದೆ, ಬರೀ ಗುಂಡಿ ಹಚ್ಚುತ್ತ ಕೂತಿದ್ದಳು. ತನ್ನ ಕುರ್ಚಿ ಕಂಡೊಡನೆ ಅವಳ ಮುಖ ಅರಳಿತು. ಕೂತಾದ ಮೇಲೆ ಹೊಸಬನನ್ನು ಹತ್ತಿರ ಕರೆದಳು.

"ಹೇಗಿತ್ತು ಸರ್ ನಮ್ಮ ಉಗ್ರಾಣ?"

ರಿಪೇರಿ ಅವನ ಕಡೆ ತಿರುಗಿದಳು.

"ತುಂಬಿ ತುಳುಕ್ತಿತ್ತಮ್ಮ."

"ನನ್ನ ಕುರ್ಚಿ ಮುಂದಿನ ಸಾಲಲ್ಲಿತ್ತಾ?"

"ಮುಂದಿನ ಸಾಲಲ್ಲೇ. ಎಲ್ಲಕ್ಕಿಂತ ಮೊದಲು ನನ್ನ ಕಣ್ಣಿಗೆ ಬಿದ್ದಿದ್ದೇ ಅದು."

"ನೋಡಿದ್ಯೇನೇ ರಿಪೇರಿ!" ಎಂದು ಟೈಲರಮ್ಮ ಬೀಗಿದಳು. ಅವನ ಶರಟಿನ ಗ್ರೀಸ್ ನೋಡಿ, ಬಿಚ್ಚಿಕೊಟ್ಟು ಹೋಗಿ, ಒಗೆದಿಡುತ್ತೇನೆ ಎಂದಳು. ಅವನ ಕಿವಿ ಕೆಂಪಾಯಿತು. ಆ ಕಿವಿಗಳನ್ನು ನೋಡಿದ ಕ್ಷಣವೇ ರಿಪೇರಿಗೆ ಮಧ್ಯಾಹ್ನದ ಉರಿ ಅರ್ಧ ಇಳಿಯಿತು.

ಮನೆಯಿಂದ ಮನೆಗೆ ಹೋದರು. ಒಂದು ಮನೆಯಲ್ಲಿ ಮಂಚ ಜೋಡಿಸಿದರು, ಇನ್ನೊಂದರಲ್ಲಿ ಮೆಟ್ಟಿಲ ಮೇಲೆ ಕುರ್ಚಿ ಹೊತ್ತು ಹತ್ತಿದರು. ಹೋದಲ್ಲೆಲ್ಲ ಅದೇ ಪ್ರಶ್ನೆ: ಹೇಗಿತ್ತು ನಮ್ಮ ಉಗ್ರಾಣ? ಎಲ್ಲರಿಗೂ ಅದು "ನಮ್ಮದು". ಅವನು ಪ್ರತಿ ಮನೆಯಲ್ಲೂ ಅದನ್ನು ಹೊಗಳಿದ. ಕೊನೆಕೊನೆಗೆ ಆ ಹೊಗಳಿಕೆ ನಿಜವಾಗಿಯೇ ಬರುತ್ತಿರುವಂತೆ ಅವಳಿಗೆ ಕೇಳಿಸಿತು.

ಇಳಿಜಾರಿನ ಬಳಿ ಒಂದೇ ಕುರ್ಚಿ ಉಳಿದಿತ್ತು.

"ಕೂತ್ಕೊಳ್ಳಿ," ಎಂದಳು.

"ನಾನಾ? ಯಾಕೆ?"

"ಬ್ರೇಕ್ ನೋಡ್ಬೇಕು. ನಿಮ್ಮಷ್ಟು ತೂಕದವರೇ ಇದನ್ನ ಉಪಯೋಗಿಸೋದು. ಎಲ್ಲದರ ಆರೋಗ್ಯ ಪರೀಕ್ಷೆ ಮಾಡ್ತೀರಲ್ಲ, ಇದಕ್ಕೂ ಕೂತ್ಕೊಳ್ಳಿ."

ಅವನು ಕೂತ. ಅವಳು ತಳ್ಳುತ್ತ ಇಳಿಜಾರಿನ ತುದಿಗೆ ಬಂದು, ಬ್ರೇಕ್ ಹಾಕಿ, ಎರಡೂ ಕೈ ತೆಗೆದಳು. ಅವನು ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು, "ಮೇಡಂ! ಮೇಡಂ!" ಎಂದ. ಕುರ್ಚಿ ಒಂದಿಂಚೂ ಅಲ್ಲಾಡಲಿಲ್ಲ. ಅವಳ ನಗು ಬೀದಿಯ ತುದಿಯವರೆಗೆ ಕೇಳಿಸಿತು. ಅವನು ಕತ್ತು ಹಿಂದಕ್ಕೆ ಬಾಗಿಸಿ ಅವಳನ್ನು ತಲೆಕೆಳಗಾಗಿ ನೋಡಿದ. ಬೀದಿದೀಪ ಆಗ ತಾನೇ ಹತ್ತಿಕೊಂಡಿತ್ತು. ಅವನ ಕಣ್ಣು ಹಣೆಯ ಗಾಯದಿಂದ ಇಳಿದು, ಕೆನ್ನೆಯ ಗ್ರೀಸಿನ ಗೆರೆಯ ಮೇಲೆ ನಿಂತು, ಅಲ್ಲಿಂದ ಮುಂದೆ ಹೋಗಲು ಅಪ್ಪಣೆ ಕೇಳುವಂತೆ ತಡವರಿಸಿತು. ನಗುತ್ತಿದ್ದವಳು ಕೆನ್ನೆಯ ಗ್ರೀಸನ್ನು ತೋಳಿನಿಂದ ಒರೆಸಿಕೊಂಡಳು.

"ಒಂದು ಮಾತು ಹೇಳ್ಲಾ?" ಎಂದ ಅವನು, ಮೆಲ್ಲಗೆ. "ನೀವು ನನಗೆ ಖಾಲಿ ಕೋಣೆ ತೋರಿಸ್ಬೇಕಿತ್ತು. ಅಲ್ಲಿ ಇಲ್ಲದೇ ಇರೋದೆಲ್ಲ ಯಾರದೋ ಮನೇಲಿ ದುಡೀತಿದೆ. ಅದಕ್ಕಿಂತ ಹೆಮ್ಮೆ ಇನ್ನೇನಿದೆ?"

ಅವಳು ಬ್ರೇಕ್ ಸಡಿಲಿಸಿ, ಅವನನ್ನು ಎಬ್ಬಿಸುವುದನ್ನೂ ಮರೆತು, ಹಾಗೇ ತಳ್ಳಿಕೊಂಡು ಹೊರಟಳು. ಅವನೂ ನೆನಪಿಸಲಿಲ್ಲ.

*

ಮುಂದಿನ ವಾರವೆಲ್ಲ ಅವನು ಬಂದ. ಮೊದಲು ಮೇಷ್ಟ್ರ ಮೇಜು, ಆಮೇಲೆ ವರ್ಕ್‌ಶಾಪು. ಲೆಕ್ಕ ನೋಡುವವರಿಗೆ ವರ್ಕ್‌ಶಾಪಿನಲ್ಲೇನು ಕೆಲಸ ಎಂದು ಅತ್ತೆ ಕೇಳಲಿಲ್ಲ. ಟೀ ಮಾತ್ರ ಎರಡು ಲೋಟ ಕಳಿಸುತ್ತಿದ್ದಳು. ಅವನು ಸ್ಪಾನರ್ ಕೊಡುತ್ತ ಸದಾ ತಪ್ಪು ಸೈಜನ್ನೇ ಕೊಡುತ್ತಿದ್ದ. ಬದಲಾಯಿಸಿಕೊಳ್ಳುವಾಗ ಬೆರಳು ತಾಗುತ್ತಿತ್ತು. ಅದು ತಪ್ಪೋ ಲೆಕ್ಕಾಚಾರವೋ ಎಂದು ಅವಳು ವಿಚಾರಿಸಲು ಹೋಗಲಿಲ್ಲ.

ಕೊನೆಯ ದಿನ ಅವನು ಬಂದಾಗ ಮುಖ ಬಿಗಿದಿತ್ತು.

"ನಿಮ್ಮ ಖರ್ಚಿನಲ್ಲಿ ಒಂದು ಕಾಣ್ತಿಲ್ಲ."

"ಯಾವುದು?"

"ನೀವು."

ಅವಳು ಸ್ಪಾನರ್ ಕೆಳಗಿಟ್ಟಳು.

"ಕಟ್ಟಡದ ಬಾಡಿಗೆ ಇದೆ, ಗ್ರೀಸ್ ಇದೆ, ನಾನು ಕುಡಿದ ಟೀ ಕೂಡ ಇದೆ. ನಿಮ್ಮ ಸಂಬಳ ಎಲ್ಲಿ?"

"ಕಾರ್ಖಾನೆ ಮುಚ್ಚಿದ ಮೇಲೆ ತಗೊಂಡಿಲ್ಲ. ರಜಾ ದಿನ ಶೋರೂಮಲ್ಲಿ ಕೆಲಸ ಮಾಡ್ತೀನಿ, ನನಗೆ ಸಾಕು. ಸಂಘಕ್ಕೆ ಹೊರೆಯಾಗೋದು ನನಗೆ ಬೇಡ."

"ಹಾಗಾದ್ರೆ ಈ ಸಂಘ ಆರೋಗ್ಯವಾಗಿಲ್ಲ ಮೇಡಂ. ನಿಮ್ಮನ್ನ ತಿಂದ್ಕೊಂಡು ಬದುಕಿದೆ. ನಾಳೆ ನೀವು ಹಾಸಿಗೆ ಹಿಡಿದ್ರೆ ಈ ಚಕ್ರ ತಿರುಗಿಸೋರು ಯಾರು?"

"ನಾನು ಯಾರ ಮುಂದೂ ಕೈ ಚಾಚೋಳಲ್ಲ."

"ದುಡಿದಿದ್ದಕ್ಕೆ ಸಂಬಳ ತಗೊಳ್ಳೋದು ಕೈ ಚಾಚೋದಾ?" ಅವನ ದನಿ ಏರಿತು. "ನಿಮ್ಮ ಜಾಗಕ್ಕೆ ಇನ್ನೊಬ್ರು ಬಂದ್ರೆ ಅವರಿಗೇನು ಕೊಡ್ತೀರಿ? ನಿಮ್ಮ ಹೆಮ್ಮೆನಾ? ಮೊದಲು ತುಂಬಿದ ಉಗ್ರಾಣ ತೋರಿಸಿದ್ರಿ, ಈಗ ಖಾಲಿ ಜೇಬು ಮುಚ್ಚಿಡ್ತಿದ್ದೀರಿ. ಎರಡೂ ಒಂದೇ!"

"ಬರ್ಕೊಳ್ಳಿ ಹೋಗಿ!" ಎಂದಳು ಅವಳು. "ಇದನ್ನೂ ಬರ್ಕೊಳ್ಳಿ. ನಮಗೆ ಪಾಠ ಹೇಳೋಕೆ ಯಾರೂ ನಿಮ್ಮನ್ನ ಕರೆಸಿಲ್ಲ."

ಅವನು ಬ್ಯಾಗ್ ಹೆಗಲಿಗೇರಿಸಿಕೊಂಡ. ಹಿಂಬಾಗಿಲಿಂದಲೇ ಹೊರಟುಹೋದ. ಟೀ ಲೋಟ ಮುಟ್ಟದೆ ಹಾಗೇ ಇತ್ತು.

ಮರುದಿನ ಪ್ರತಿಷ್ಠಾನದಿಂದ ಮೇಷ್ಟ್ರಿಗೆ ಫೋನು ಬಂತು. ಮೊದಲು ಬಂದಿದ್ದವರು ಈ ಕೆಲಸದಿಂದ ಹಿಂದೆ ಸರಿದಿದ್ದಾರಂತೆ. ಬೇರೆಯವರು ಬಂದು ಮೊದಲಿನಿಂದ ನೋಡುತ್ತಾರಂತೆ.

ಹಿಂದೆ ಸರಿದಿದ್ದಾರೆ. ಆ ಮಾತು ರಿಪೇರಿಯ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ಒಂದು ಜಗಳಕ್ಕೆ ಇಷ್ಟೊಂದು ಸಿಟ್ಟೇ? ಆ ಸಂಜೆ, ಆ ಇಳಿಜಾರು, ತಲೆಕೆಳಗಾಗಿ ನೋಡಿದ ಆ ಕಣ್ಣು, ಇದೆಲ್ಲ ಬರೀ ಡ್ಯೂಟಿಯೇ? ಅವಳು ಎಂದೂ ಅಳುವವಳಲ್ಲ. ಗ್ರೀಸಿನ ಡಬ್ಬಿ ಜೋಡಿಸುವ ನೆಪದಲ್ಲಿ ಗೋಡೆಯ ಕಡೆ ತಿರುಗಿ ಅತ್ತಳು.

ಅತ್ತೆ ಬಂದು ಅವಳ ಮಣಿಕಟ್ಟು ಹಿಡಿದಳು.

"ಏನತ್ತೆ, ನಾಡಿ ನೋಡ್ತೀಯಾ?"

"ನೋಡಿದೆ ಕಣೇ. ಇದಕ್ಕೆ ನನ್ನ ಹತ್ರ ಮಾತ್ರೆ ಇಲ್ಲ."

ಆದರೆ ಅವನ ಮಾತು ಅವಳನ್ನು ಬಿಡಲಿಲ್ಲ. ಬೋಲ್ಟು ಬಿಗಿಮಾಡುವಾಗ, ಕುರ್ಚಿಯ ಸೀಟು ಹೊಲಿಯುವಾಗ ಅದೇ ಕೇಳಿಸುತ್ತಿತ್ತು: ನಿಮ್ಮ ಜಾಗಕ್ಕೆ ಇನ್ನೊಬ್ರು ಬಂದ್ರೆ? ಸಿಟ್ಟು ಇಳಿದ ಮೇಲೆ ಅವಳಿಗೆ ಒಪ್ಪಿಕೊಳ್ಳದೆ ವಿಧಿಯಿರಲಿಲ್ಲ. ಅವನು ಹೇಳಿದ್ದು ಸರಿಯಾಗಿತ್ತು. ಹಾಳಾದವನು!

*

ಹೊಸದಾಗಿ ಬಂದವರು ನರೆಗೂದಲಿನ, ಬಿರುಸು ಮಾತಿನ ಒಬ್ಬ ಮೇಡಂ. ಈ ಸಲ ಮೇಜಿಗೆ ಹೊಸ ಬಟ್ಟೆ ಇರಲಿಲ್ಲ. ರಿಪೇರಿ ತಾನೇ ಮುಂದೆ ನಡೆದು ಉಗ್ರಾಣದ ಬಾಗಿಲು ತೆರೆದಳು.

ಒಳಗೆ ಒಂದು ಗಾಲಿಕುರ್ಚಿ, ಕಾಲು ಮುರಿದ ಒಂದು ವಾಕರ್. ಉಳಿದದ್ದೆಲ್ಲ ಬರೀ ನೆಲ.

"ಏನಮ್ಮ ಇದು? ಏನೂ ಇಲ್ವಲ್ಲ?"

"ಇಲ್ಲ ಮೇಡಂ," ಎಂದಳು ಅವಳು ತಲೆ ಎತ್ತಿ. "ಇದ್ದಿದ್ರೆ ನಾಚಿಕೆ ಪಡ್ಬೇಕಿತ್ತು. ಎಲ್ಲಾ ಕೆಲಸಕ್ಕೆ ಹೋಗಿದೆ. ಬನ್ನಿ, ತೋರಿಸ್ತೀನಿ."

ಬೀದಿಯುದ್ದಕ್ಕೂ ಕರೆದುಕೊಂಡು ಹೋದಳು. ಟೈಲರಮ್ಮ ತನ್ನ ಕುರ್ಚಿಯಲ್ಲಿ ಗಿರ್ರನೆ ತಿರುಗಿ ತೋರಿಸಿದಳು. ಡ್ರೈವರ್ ತಾತ ಹಸಿರು ಟೇಪಿನ ವಾಕರಿನಲ್ಲಿ ರಿವರ್ಸ್ ತೆಗೆದ. ವಾಪಸ್ ಬಂದ ಮೇಲೆ ಮೇಷ್ಟ್ರು ಲೆಕ್ಕ ಮುಂದಿಟ್ಟರು. ಮೇಡಂ ಬಾಯಿ ತೆರೆಯುವ ಮೊದಲೇ ರಿಪೇರಿ ಮಾತಾಡಿದಳು.

"ಇದರಲ್ಲಿ ನನ್ನ ಸಂಬಳ ಸೇರಿಸಿದ್ದೀವಿ ಮೇಡಂ. ಇಷ್ಟು ದಿನ ಬಿಟ್ಟಿದ್ವಿ. ಸೇರಿಸಿದ್ರೆ ನಮಗೆ ಕೊರತೆ ಬೀಳುತ್ತೆ, ಬೀಳಲಿ. ಈ ಕೆಲಸಕ್ಕೆ ಇಷ್ಟು ಬೆಲೆ ಇದೆ. ಅದನ್ನ ಮುಚ್ಚಿಟ್ಟು ನಾವು ಚೆನ್ನಾಗಿದ್ದೀವಿ ಅಂತ ಹೇಳಲ್ಲ. ಕೊಡೋದಾದ್ರೆ ಇದನ್ನ ನೋಡಿ ಕೊಡಿ."

ಮೇಷ್ಟ್ರು ಕನ್ನಡಕ ಒರೆಸಲಿಲ್ಲ. ಅತ್ತೆ ಸೊಸೆಯನ್ನು ದಿಟ್ಟಿಸಿ ನೋಡಿದಳು. ಅಣ್ಣನ ಮಗಳನ್ನು ಎತ್ತಿ ಆಡಿಸಿದ ಕೈಗಳಿಗೆ ಅವತ್ತು ಬಹಳ ಸಂತೋಷವಾಗಿತ್ತು.

ಕೆಲವು ದಿನಗಳ ಮೇಲೆ ಮೇಡಂ ಫೋನು ಮಾಡಿದರು. ಮಂಜೂರಾಗಿತ್ತು. ಮೂರು ವರ್ಷ, ಸಂಬಳ ಸೇರಿಸಿ. ಮೇಷ್ಟ್ರು ಕುರ್ಚಿಯಿಂದ ಎದ್ದು ನಿಂತುಬಿಟ್ಟರು. ಅತ್ತೆ ಬೋರ್ಡಿನ ಧೂಳು ಒರೆಸಲು ಹೋದಳು. ರಿಪೇರಿ ಮಾತ್ರ ಫೋನು ಇಡಲಿಲ್ಲ.

"ಮೇಡಂ... ಮೊದಲು ಬಂದಿದ್ದೋರು, ನಮ್ಮ ಮೇಲೆ ಸಿಟ್ಟಾಗಿ ಬಿಟ್ಟು ಹೋದ್ರಾ?"

ಆ ಕಡೆಯಿಂದ ನಗು ಕೇಳಿಸಿತು. "ಸಿಟ್ಟಾ? ನನ್ನ ಮುಂದೆ ಬಂದು ನಿಂತು, 'ಮೇಡಂ, ಅಲ್ಲಿಗೆ ಬೇರೆಯವರನ್ನ ಕಳಿಸಿ, ನಾನಿನ್ನು ಅಲ್ಲಿ ನ್ಯಾಯವಾಗಿ ಲೆಕ್ಕ ನೋಡಲಾರೆ' ಅಂದ. ಯಾಕಪ್ಪಾ ಅಂದೆ. ಕಿವಿ ಕೆಂಪಾಯ್ತೇ ಹೊರತು ಉತ್ತರ ಬರ್ಲಿಲ್ಲ. ಉಳಿದಿದ್ದು ನನಗೆ ಗೊತ್ತಿಲ್ಲಮ್ಮ. ನಿನಗೇನಾದ್ರೂ ಗೊತ್ತಾ?"

ಅವಳಿಗೆ ಗೊತ್ತಿತ್ತು. ಆ ಕಿವಿಗಳನ್ನು ಅವಳು ಹತ್ತಿರದಿಂದ ನೋಡಿದ್ದಳು.

*

ಮರುದಿನ ಅವಳು ಮಂಚದ ಕೆಳಗಿದ್ದಾಗ ಹಿಂಬಾಗಿಲಲ್ಲಿ ಬೂಟಿನ ಸದ್ದಾಯಿತು. ಕಪ್ಪು ಬೂಟು. ಎಡಗಾಲಿನ ಲೇಸು ಬಿಚ್ಚಿಕೊಂಡಿತ್ತು.

ಅವಳ ದನಿ ಮಾತ್ರ ಎಂದಿನಂತೆಯೇ ಇತ್ತು.

"ಸುಮ್ನೆ ನಿಂತ್ಕೊಂಡು ಏನ್ ನೋಡ್ತಿದ್ದೀರಿ? ಮೂಲೆ ಎತ್ತಿ ಹಿಡ್ಕೊಳ್ಳಿ."

ಮಂಚದ ಮೂಲೆ ಮೇಲೆದ್ದಿತು. ಅವಳು ಕೈ ಚಾಚಿ ಆ ಲೇಸನ್ನು ಹಿಡಿದು ಭದ್ರವಾಗಿ ಗಂಟು ಹಾಕಿದಳು. ಮೇಲೆ ಮಂಚ ನಡುಗಿತು.

"ಈಗ ಹೇಳಿ. ಯಾಕೆ ಓಡಿಹೋದ್ರಿ?"

"ಅವತ್ತು ನಿಮ್ಮ ಮೇಲೆ ರೇಗಾಡಿ ಹೋದ್ನಲ್ಲ," ಎಂದ ಅವನು. "ಬಸ್ಸಲ್ಲಿ ಕೂತಾಗ ಯೋಚನೆ ಬಂತು. ಎಷ್ಟೋ ಸಂಘ ನೋಡಿದ್ದೀನಿ, ಎಷ್ಟೋ ಕಡೆ ಸಂಬಳ ಇರ್ಲಿಲ್ಲ. ಯಾವತ್ತೂ ನನಗೆ ಹೀಗೆ ಸಿಟ್ಟು ಬಂದಿರ್ಲಿಲ್ಲ. ಇದು ಲೆಕ್ಕದ ಸಿಟ್ಟಲ್ಲ ಅಂತ ಆಗ ಗೊತ್ತಾಯ್ತು."

"ಒಂದು ಮಾತು ಹೇಳಿ ಹೋಗಬಹುದಿತ್ತಲ್ಲ?"

"ಹೇಳಿ ಹೋಗಿದ್ರೆ, ಆಫೀಸರ್ ಕೃಪೆಯಿಂದ ನಿಮಗೆ ನೆರವು ಸಿಕ್ತು ಅಂತ ಯಾರಾದ್ರೂ ಬೆರಳು ತೋರಿಸೋರು. ನಿಮ್ಮ ಕಡೆ ಯಾರೂ ಬೆರಳು ತೋರಿಸಬಾರದು. ನೀವೇ ಗೆದ್ರಿ, ನಾನು ಒಂದಕ್ಷರ ಬರೀಲಿಲ್ಲ. ಇವತ್ತು ನಾನು ಯಾರ ಪರವಾಗೂ ಬಂದಿಲ್ಲ ಮೇಡಂ. ನನ್ನ ಪರವಾಗಿ ಬಂದಿದ್ದೀನಿ. ನನಗೆ ನೀವು ಇಷ್ಟ. ಬಹಳ ಇಷ್ಟ."

ಅವಳು ಮಂಚದ ಕೆಳಗಿನಿಂದ ಹೊರಗೆ ಬಂದಳು. ಕಣ್ಣು ತುಂಬಿತ್ತು, ಒರೆಸಿಕೊಳ್ಳಲು ಕೈ ತುಂಬ ಗ್ರೀಸ್. ಅವನು ಮಂಚ ಇಳಿಸಿ ಕರ್ಚೀಫು ತೆಗೆದು, ಕ್ಷಣ ಅನುಮಾನಿಸಿ, ತಾನೇ ಒರೆಸಿದ.

"ಬನ್ನಿ," ಎಂದಳು ಅವಳು. "ನಿಮಗೊಂದು ತೋರಿಸ್ಬೇಕು."

ಉಗ್ರಾಣದಲ್ಲಿ ಆ ಕೊನೆಯ ಗಾಲಿಕುರ್ಚಿಯನ್ನು ಯಾರೋ ಬೆಳಗ್ಗೆ ತಾನೇ ಒಯ್ದಿದ್ದರು. ರಿಪೇರಿಯಾದ ವಾಕರ್ ಕೂಡ ಹೋಗಿತ್ತು. ನಾಲ್ಕು ಗೋಡೆ, ಕಿಟಕಿಯಿಂದ ಬಿದ್ದ ಬಿಸಿಲು, ನೆಲದ ಮೇಲೆ ಚಕ್ರಗಳ ಗುರುತು, ಅಷ್ಟೆ.

"ನೋಡಿ," ಎಂದಳು, ರಾಣಿಯೊಬ್ಬಳು ಅರಮನೆ ತೋರಿಸುವ ಹಾಗೆ. "ಏನೂ ಇಲ್ಲ."

ಅವನು ಕೋಣೆಯ ಮಧ್ಯೆ ನಿಂತು ಸುತ್ತಲೂ ನೋಡಿದ. ಹೆಮ್ಮೆಯಿಂದ ಅವನ ಮುಖವೂ ಅರಳಿತ್ತು.

"ಎಷ್ಟು ಚೆನ್ನಾಗಿದೆ!" ಎಂದ.

"ನನಗೂ ನೀವು ಇಷ್ಟ," ಎಂದಳು ಅವಳು. "ಸ್ಪಾನರ್ ಸೈಜು ಕಲ್ತ್ಕೊಂಡ್ರೆ ಇನ್ನೂ ಇಷ್ಟ."

"ಕಲ್ತ್ರೆ ಬೆರಳು ತಾಗಲ್ವಲ್ಲ?"

ಅವಳು ಹುಬ್ಬು ಹಾರಿಸಿ, ಗ್ರೀಸಾದರೂ ಪರವಾಗಿಲ್ಲವೆಂದು ಅವನ ಕೈ ಹಿಡಿದುಕೊಂಡಳು.

ಬಾಗಿಲಲ್ಲಿ ಅತ್ತೆಯ ತಲೆ ಕಾಣಿಸಿತು. ಹಿಂದೆ ಮೇಷ್ಟ್ರ ಕನ್ನಡಕ. ಅತ್ತೆ ಒಳಗೆ ನೋಡಿದಳು, ಹಿಡಿದ ಕೈಗಳನ್ನು ನೋಡಿದಳು, ಸೊಂಟಕ್ಕೆ ಕೈಯಿಟ್ಟಳು.

"ಉಗ್ರಾಣ ಪೂರ್ತಿ ಖಾಲಿ ಅಂದ್ಯಲ್ಲೇ. ಇಲ್ಲಿ ಒಬ್ಬ ಹಾಗೇ ಉಳ್ಕೊಂಡಿದ್ದಾನಲ್ಲ?"

"ಉಳೀಲಿ ಅತ್ತೆ," ಎಂದಳು ರಿಪೇರಿ, ಕೈ ಬಿಡದೆ. "ಇವರನ್ನ ಮಾತ್ರ ನಾನು ಹೊರಗೆ ಕೊಡಲ್ಲ."